ಒಂದು ಟೆಸ್ಟ್, ಐನೂರ ನಾಲ್ಕು ವಿಕೆಟ್

ದಾವಣಗೆರೆಯ ವಿನಯ್ ಕುಮಾರ್ ಹೆಸರು ಎತ್ತಿದರೆ ಟಿ.ವಿ.ಯಲ್ಲಿ ಕ್ರಿಕೆಟ್ ನೋಡುವವರು ಸಾಮಾನ್ಯವಾಗಿ ಎರಡು ಪಂದ್ಯಗಳ ಮಾತು ತೆಗೆಯುತ್ತಾರೆ. ಒಂದು, 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಡೇವಿಡ್ ವಾರ್ನರ್ 69 ಎಸೆತಗಳಲ್ಲಿ ಶತಕ ಬಾರಿಸಿದ ಟೆಸ್ಟ್. ಇನ್ನೊಂದು, 2013ರ ನವೆಂಬರ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅದೇ ಆಸ್ಟ್ರೇಲಿಯಾ ಎದುರು 9 ಓವರ್‌ಗಳಲ್ಲಿ 102 ರನ್ ಕೊಟ್ಟ ಏಕದಿನ ಪಂದ್ಯ. ಎರಡೂ ನಡೆದದ್ದೇ, ಅಲ್ಲಗಳೆಯುವಂತಿಲ್ಲ. ಆದರೆ ಇದೇ ಮನುಷ್ಯ 2004-05ರಲ್ಲಿ ಕರ್ನಾಟಕ ತಂಡಕ್ಕೆ ಕಾಲಿಟ್ಟವರು, ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 139 ಪಂದ್ಯ ಆಡಿದವರು, 504 ವಿಕೆಟ್ ಕಿತ್ತವರು. ಅದರಲ್ಲಿ 442 ರಣಜಿ ಟ್ರೋಫಿಯವು. 2021ರ ಫೆಬ್ರುವರಿಯಲ್ಲಿ ಅವರು ನಿವೃತ್ತಿ ಘೋಷಿಸಿದಾಗ ರಣಜಿಯ ಇತಿಹಾಸದಲ್ಲಿ ಯಾವ ವೇಗದ ಬೌಲರೂ ಅಷ್ಟು ವಿಕೆಟ್ ಪಡೆದಿರಲಿಲ್ಲ. ಎರಡು ಪಂದ್ಯಗಳ ಲೆಕ್ಕ ಎಲ್ಲರ ಬಾಯಲ್ಲಿದೆ. ಹದಿನಾರು ಋತುಗಳ ದುಡಿಮೆಯ ಲೆಕ್ಕ ಕೇಳಿದರೆ ತಡವರಿಸುತ್ತಾರೆ. ವಿನಯ್ ಅವರಿಗೆ ನಾವು ಮಾಡಿದ ಅನ್ಯಾಯ ಇದು ಎಂದೇ ನಾನು ತಿಳಿದಿದ್ದೇನೆ.

ವೃತ್ತಿಪರ ಕ್ರಿಕೆಟಿಗ ಎಂದ ಕೂಡಲೇ ಭಾರತ ತಂಡದ ನೀಲಿ ಅಂಗಿ ಕಣ್ಣಿಗೆ ಬರುತ್ತದೆ. ಐಪಿಎಲ್ ಹರಾಜು ನೆನಪಾಗುತ್ತದೆ. ಈ ದೇಶದಲ್ಲಿ ಕ್ರಿಕೆಟ್ಟನ್ನೇ ಕಸುಬಾಗಿ ಮಾಡಿಕೊಂಡವರಲ್ಲಿ ಹೆಚ್ಚಿನವರ ಬದುಕು ಇವೆರಡರ ಆಚೆಗೆ ನಡೆಯುತ್ತದೆ. ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ರಣಜಿ ಶುರುವಾಗುತ್ತದೆ. ನಾಲ್ಕು ದಿನ ಆಟ, ಒಂದೆರಡು ದಿನ ಪ್ರಯಾಣ, ನೆಟ್ಸ್, ಮತ್ತೆ ನಾಲ್ಕು ದಿನ ಆಟ. ಒಂದು ವಾರ ಉತ್ತರದ ಚಳಿ, ಮಂಜು, ಹುಲ್ಲು ಬೆಳೆಸಿದ ಪಿಚ್. ಮುಂದಿನ ವಾರ ರಾಜ್‌ಕೋಟ್‌ನಂಥ ಕಡೆ ಬಿರಿಯದ, ಪುಟಿಯದ, ಬ್ಯಾಟ್ಸ್‌ಮನ್‌ಗೆಂದೇ ಹಾಸಿಟ್ಟಂಥ ನೆಲ. ಗ್ಯಾಲರಿಯಲ್ಲಿ ಕೆಲವು ನಿವೃತ್ತರು, ಕೆಲವು ಹುಡುಗರು, ಲಾಠಿ ಹಿಡಿದ ಪೊಲೀಸರು. ಫೀಲ್ಡರ್ ಚಪ್ಪಾಳೆ ತಟ್ಟಿದರೆ ಮೈದಾನದ ಆಚೆಗೂ ಕೇಳುತ್ತದೆ.

ಇಂಥ ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ನ ಪಾಡು ಬೇರೆಯೇ. ಹೊಸ ಚೆಂಡು ಕೈಗೆ ಬರುವುದು ಬೆಳಗಿನ ಮೊದಲ ಗಂಟೆಯಲ್ಲಿ. ನೆಲದ ತೇವ ಆರುವುದರೊಳಗೆ ಎರಡು ಮೂರು ವಿಕೆಟ್ ಬೀಳದಿದ್ದರೆ ಎದುರಾಳಿ ಎರಡು ದಿನ ನಿಂತು ಆಡುತ್ತಾರೆ. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದವರಿಗೆ ಮೂರು ಅಂಕ, ಪಡೆಯದವರಿಗೆ ಒಂದೇ ಅಂಕ. ನಾಕೌಟ್ ಹಂತದಲ್ಲಿ ಆ ಮುನ್ನಡೆಯೇ ಮುಂದಿನ ಸುತ್ತಿಗೆ ದಾರಿ. ಮಧ್ಯಾಹ್ನ ಮೂರಕ್ಕೆ ಚೆಂಡು ಮೆತ್ತಗಾಗಿ, ಹೊಳಪು ಹೋಗಿ, ಬೆನ್ನು ನೋಯುತ್ತಿರುವಾಗ ನಾಯಕ ಮತ್ತೆ ಚೆಂಡು ಕೊಡುತ್ತಾನೆ. ಆಗ ಬೇಕಾಗುವುದು ಬರೀ ವೇಗವಲ್ಲ. ಆಫ್ ಸ್ಟಂಪಿನ ಆಚೆ ಒಂದು ಗೇಣು ಜಾಗದಲ್ಲಿ, ಒಂದೇ ಅಳತೆಗೆ, ಓವರ್ ಮೇಲೆ ಓವರ್ ಚೆಂಡು ಇಡುತ್ತ ಹೋಗುವ ತಾಳ್ಮೆ. ವಿನಯ್ ಕುಮಾರ್ ಬಳಿ ಇದ್ದದ್ದು ಅದು. ಗಂಟೆಗೆ 130 ಕಿಲೋಮೀಟರ್ ಆಸುಪಾಸಿನ ವೇಗ, ತಡವಾಗಿ ಹೊರಕ್ಕೆ ಹೊರಳುವ ಔಟ್‌ಸ್ವಿಂಗರ್, ಸೀಮ್ ಮೇಲೆ ಬಿದ್ದು ಒಳಕ್ಕೆ ನುಗ್ಗುವ ಕಟರ್. ನಮ್ಮ ದೇಸಿ ಕ್ರಿಕೆಟ್‌ನಲ್ಲಿ ಬಳಸುವ ಎಸ್‌ಜಿ ಚೆಂಡಿನ ಹೊಲಿಗೆ ಉಬ್ಬಿಕೊಂಡಿರುತ್ತದೆ, ಬಹಳ ಓವರ್‌ಗಳವರೆಗೆ ಹಾಗೇ ಉಳಿಯುತ್ತದೆ. ಆ ಹೊಲಿಗೆಯನ್ನು ನೆಟ್ಟಗೆ ಹಿಡಿದು ಬಿಡುವ ಮಣಿಕಟ್ಟು ವಿನಯ್ ಅವರದು.

ಜಿಲ್ಲೆಗಳಿಂದ ಬಂದು ಕರ್ನಾಟಕದ ಟೋಪಿ ತೊಟ್ಟವರ ಪರಂಪರೆ ಹಳೆಯದು. ಗುಂಡಪ್ಪ ವಿಶ್ವನಾಥ್ ಭದ್ರಾವತಿಯವರು, ಸುನಿಲ್ ಜೋಶಿ ಗದಗದವರು. ಹಾಗಿದ್ದರೂ ಬೆಂಗಳೂರಿನ ಹುಡುಗನಿಗೆ ಮನೆ ಬಾಗಿಲಲ್ಲೇ ಸಿಗುವ ಟರ್ಫ್ ಪಿಚ್, ಲೀಗ್ ಪಂದ್ಯ, ಆಯ್ಕೆಗಾರರ ಕಣ್ಣು, ಇವು ಊರಾಚೆಯ ಹುಡುಗನಿಗೆ ರೈಲು ಹತ್ತಿದರೇ ದಕ್ಕುವುದು. ವಿನಯ್ ಹುಟ್ಟಿದ್ದು 1984ರ ಫೆಬ್ರುವರಿ 12ರಂದು, ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ. ತಂದೆ ಆಟೊ ಓಡಿಸುತ್ತಿದ್ದರು. ಊರ ಹೆಸರೇ ಮುಂದೆ ಬಿರುದಾಯಿತು: ದಾವಣಗೆರೆ ಎಕ್ಸ್‌ಪ್ರೆಸ್. ನಿವೃತ್ತಿಯ ದಿನ ಬರೆದ ಪತ್ರದಲ್ಲಿ ವಿನಯ್ ಆ ಬಿರುದನ್ನೇ ಹಿಡಿದು, ಎಷ್ಟೋ ನಿಲ್ದಾಣ ದಾಟಿ ಬಂದ ರೈಲು ಕೊನೆಯ ನಿಲ್ದಾಣ ಮುಟ್ಟಿದೆ ಎಂಬರ್ಥದಲ್ಲಿ ಬರೆದರು. ದೊಡ್ಡ ತಂಡಗಳ ಹೆಸರು ಬರುವ ಮೊದಲು ಊರಿನ ಹೆಸರು ಬಂದದ್ದು ನನಗೆ ತುಂಬ ಹಿಡಿಸಿತು.

ವಿನಯ್ ತಂಡಕ್ಕೆ ಬಂದಾಗಿನ ವರ್ಷಗಳು ಕರ್ನಾಟಕದ ಪಾಲಿಗೆ ಸುಲಭದವಲ್ಲ. 1995-96, 1997-98, 1998-99ರಲ್ಲಿ ರಣಜಿ ಗೆದ್ದ ತಂಡದ ದೊಡ್ಡ ಹೆಸರುಗಳೆಲ್ಲ ಭಾರತದ ಪರ ಊರೂರು ಸುತ್ತುತ್ತಿದ್ದವು. ವೇಗಿ ಶ್ರೀನಾಥ್ ಆಟ ಬಿಟ್ಟಾಗಿತ್ತು. ಹೊಸಬರ ಹೆಗಲಿಗೆ ಹೊರೆ ಬಿದ್ದಿತ್ತು. 2009-10ರಲ್ಲಿ ಅಭಿಮನ್ಯು ಮಿಥುನ್ ಎಂಬ ಹುಡುಗ ಮೀರತ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ಆಡಿದ ಚೊಚ್ಚಲ ಪಂದ್ಯದಲ್ಲೇ ಹ್ಯಾಟ್ರಿಕ್ ಸಮೇತ 11 ವಿಕೆಟ್ ಕಿತ್ತ. ವಿನಯ್ ಜೊತೆಗೆ ಎದುರು ತುದಿಯಲ್ಲಿ ನಿಲ್ಲಬಲ್ಲ ಬೌಲರ್ ಸಿಕ್ಕ. ಆ ಋತುವಿನ ಫೈನಲ್ ನಡೆದದ್ದು 2010ರ ಜನವರಿಯಲ್ಲಿ, ಮೈಸೂರಿನ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ, ಮುಂಬೈ ವಿರುದ್ಧ. ರಣಜಿ ಪಂದ್ಯಕ್ಕೆ ಜನ ಬರುವುದಿಲ್ಲ ಎನ್ನುವವರು ಆ ದಿನಗಳನ್ನು ನೋಡಬೇಕಿತ್ತು. ಕುರ್ಚಿ ಸಾಲದೆ ಹುಡುಗರು ಮರ ಏರಿ ಕೂತಿದ್ದರು. ಗೆಲ್ಲಲು ಬೇಕಿದ್ದದ್ದು 338. ಮನೀಶ್ ಪಾಂಡೆ 144 ಹೊಡೆದರು, ಗಣೇಶ್ ಸತೀಶ್ 75. ಅಜಿತ್ ಅಗರ್ಕರ್ ಐದು ವಿಕೆಟ್ ಪಡೆದು ಪಂದ್ಯ ತಿರುಗಿಸಿದರು. ಕರ್ನಾಟಕ 331ಕ್ಕೆ ಆಲೌಟ್, ಆರು ರನ್ನಿನ ಸೋಲು. ಮೈಸೂರಿನವರು ಇವತ್ತಿಗೂ ಆ ಮಾತು ಬಂದರೆ ನಿಟ್ಟುಸಿರು ಬಿಡುತ್ತಾರೆ.

ಅದೇ ವರ್ಷ ಮೇ ತಿಂಗಳಲ್ಲಿ ವಿನಯ್‌ಗೆ ಭಾರತ ತಂಡದ ಕರೆ ಬಂತು. ಮೊದಲು ವೆಸ್ಟ್ ಇಂಡೀಸ್‌ನಲ್ಲಿ ಟಿ-20 ವಿಶ್ವಕಪ್, ಆಮೇಲೆ ಜಿಂಬಾಬ್ವೆಯಲ್ಲಿ ಏಕದಿನ. 2011ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ 30 ರನ್‌ಗೆ 4 ವಿಕೆಟ್. ಒಟ್ಟು 31 ಏಕದಿನ ಪಂದ್ಯಗಳಲ್ಲಿ 38 ವಿಕೆಟ್, 9 ಟಿ-20 ಪಂದ್ಯಗಳಲ್ಲಿ 10. ಇದು ಅಂಥ ಕೆಟ್ಟ ದಾಖಲೆಯೇನಲ್ಲ.

ಇನ್ನು ಪರ್ತ್. ಸರಣಿಯಲ್ಲಿ ಆಗಲೇ 0-2 ಹಿಂದೆ ಬಿದ್ದಿದ್ದ ಭಾರತ ವಾಕಾ ಮೈದಾನದಲ್ಲಿ ಅಶ್ವಿನ್ ಅವರನ್ನು ಹೊರಗಿಟ್ಟು ನಾಲ್ವರು ವೇಗಿಗಳನ್ನು ಇಳಿಸಿತು. ಜಹೀರ್, ಉಮೇಶ್, ಇಶಾಂತ್ ಜೊತೆಗೆ ವಿನಯ್. ಭಾರತದ ಬ್ಯಾಟ್ಸ್‌ಮನ್‌ಗಳು 161ಕ್ಕೆ ಆಟ ಮುಗಿಸಿದ್ದರು. ಬೌಲರ್‌ಗಳ ಬೆನ್ನಿಗೆ ರನ್ನೇ ಇರಲಿಲ್ಲ. ವಾರ್ನರ್ ಶತಕ ಮುಟ್ಟಿದ್ದು ವಿನಯ್ ಚೆಂಡನ್ನು ಸಿಕ್ಸರ್‌ಗೆ ಎತ್ತಿ. ವಿನಯ್ 13 ಓವರ್‌ಗಳಲ್ಲಿ 73 ರನ್ ಕೊಟ್ಟು ಮೈಕ್ ಹಸ್ಸಿಯ ಒಂದು ವಿಕೆಟ್ ಪಡೆದರು. ಮೂರು ದಿನಕ್ಕೆ ಟೆಸ್ಟ್ ಮುಗಿಯಿತು, ಇನಿಂಗ್ಸ್ ಮತ್ತು 37 ರನ್ನಿನ ಸೋಲು. ವಿನಯ್ ಅವರ ಟೆಸ್ಟ್ ಬದುಕೂ ಅಲ್ಲಿಗೇ ಮುಗಿಯಿತು.

ನನ್ನ ಅಭಿಮಾನ ಏನೇ ಇರಲಿ, ಪರ್ತ್‌ನ ಬಿರುಸಾದ, ಪುಟಿಯುವ ಪಿಚ್‌ಗೆ ಬೇಕಾದ ವೇಗ ವಿನಯ್ ಅವರಲ್ಲಿ ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಅಲ್ಲಿ ಬಳಸುವ ಕೂಕಬುರ ಚೆಂಡಿನ ಹೊಲಿಗೆ ಬೇಗ ತಗ್ಗುತ್ತದೆ, ಆಮೇಲೆ ಸೀಮ್ ನಂಬಿದ ಬೌಲರ್‌ಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ಆಯ್ಕೆ ಆ ನೆಲಕ್ಕೆ ಹೊಂದುವಂಥದ್ದಾಗಿರಲಿಲ್ಲ. ಮೋಡ ಕವಿದ ಇಂಗ್ಲೆಂಡ್‌ನಲ್ಲೋ, ಹುಲ್ಲಿನ ನ್ಯೂಜಿಲೆಂಡ್‌ನಲ್ಲೋ ಅವರನ್ನು ಒಮ್ಮೆ ಟೆಸ್ಟ್ ಆಡಿಸಿ ನೋಡಬಹುದಿತ್ತು. ಆಡಿಸಲಿಲ್ಲ. ಒಂದೇ ಒಂದು ಟೆಸ್ಟ್ ಆಡಿದವನನ್ನು ಆ ಒಂದರಿಂದಲೇ ಅಳೆಯುವುದು ಜನರ ರೂಢಿ. ರಣಜಿಯಲ್ಲಿ 637 ವಿಕೆಟ್ ಪಡೆದು ಇಂದಿಗೂ ಆ ಪಟ್ಟಿಯ ತುದಿಯಲ್ಲಿರುವ ಹರಿಯಾಣದ ರಾಜಿಂದರ್ ಗೋಯಲ್‌ಗೆ ಆ ಒಂದು ಟೆಸ್ಟೂ ಸಿಗಲಿಲ್ಲ. ಅವರಿಗೆ ಸಿಕ್ಕ ಗೌರವದ ಅರ್ಧದಷ್ಟಾದರೂ ವಿನಯ್‌ಗೆ ಸಿಗಬೇಕಿತ್ತು. ಆಡಿದ ತಪ್ಪಿಗೆ ಅದು ಕೈತಪ್ಪಿತು.

102 ರನ್ನಿನ ಕಥೆಗೂ ಹಿನ್ನೆಲೆ ಇದೆ. 2012ರ ಕೊನೆಯಿಂದ ಏಕದಿನ ಕ್ರಿಕೆಟ್‌ನಲ್ಲಿ ವೃತ್ತದ ಹೊರಗೆ ನಾಲ್ವರೇ ಫೀಲ್ಡರ್‌ಗಳು ಎಂಬ ನಿಯಮ ಬಂದಿತ್ತು. ಎರಡೂ ತುದಿಯಿಂದ ಹೊಸ ಚೆಂಡು, ಹಾಗಾಗಿ ಹಳೆಯ ಚೆಂಡಿನ ರಿವರ್ಸ್ ಸ್ವಿಂಗ್ ಸಿಗುವುದೇ ಕಷ್ಟವಾಗಿತ್ತು. ಆ ಸರಣಿಯಲ್ಲಿ ಭಾರತ ಜೈಪುರದಲ್ಲಿ 360 ರನ್ನಿನ ಗುರಿಯನ್ನು, ನಾಗ್ಪುರದಲ್ಲಿ 351ರ ಗುರಿಯನ್ನು ಬೆನ್ನಟ್ಟಿ ಗೆದ್ದಿತ್ತು. ಬೆಂಗಳೂರಿನ ಆ ರಾತ್ರಿ ರೋಹಿತ್ ಶರ್ಮಾ 209 ಹೊಡೆದರು, ಅವರೊಬ್ಬರದೇ 16 ಸಿಕ್ಸರ್. ಜೇಮ್ಸ್ ಫಾಕ್ನರ್ 57 ಎಸೆತಗಳಲ್ಲಿ ಶತಕ ಮುಟ್ಟಿದರು. ಎರಡೂ ತಂಡ ಸೇರಿ ಬಾರಿಸಿದ ಸಿಕ್ಸರ್‌ಗಳು 38. ಚಿಕ್ಕ ಮೈದಾನ, ಸಪಾಟಾದ ಪಿಚ್. ಭಾರತ 57 ರನ್‌ಗಳಿಂದ ಗೆದ್ದು ಸರಣಿಯನ್ನೂ ಕೈವಶ ಮಾಡಿಕೊಂಡಿತು. ಗೆಲುವಿನ ಮಾತಿನಲ್ಲಿ ರೋಹಿತ್ ಹೆಸರು ಉಳಿಯಿತು, ನಗೆಯ ಮಾತಿನಲ್ಲಿ ವಿನಯ್ ಹೆಸರು. ತವರಿನ ಮೈದಾನದಲ್ಲಿ, ತನ್ನ ಜನರ ಮುಂದೆ, ಹಾಗಾಯಿತು. ಭಾರತದ ಪರ ಅವರು ಮತ್ತೆ ಆಡಲಿಲ್ಲ.

ಆದರೆ ಆ ವೇಳೆಗೆ ಹೊಸ ರಣಜಿ ಋತು ಶುರುವಾಗಿತ್ತು. ವಿನಯ್ ಕರ್ನಾಟಕದ ನಾಯಕ. ಚಿನ್ನಸ್ವಾಮಿಯಲ್ಲಿ ಆ ಪೆಟ್ಟು ತಿಂದ ಮೇಲೆ ಸರಿಯಾಗಿ ಮೂರು ತಿಂಗಳಿಗೆ, 2014ರ ಫೆಬ್ರುವರಿ 2ರಂದು, ಹೈದರಾಬಾದ್‌ನ ಉಪ್ಪಳ ಮೈದಾನದಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಮಣಿಸಿ ಅವರ ತಂಡ ರಣಜಿ ಟ್ರೋಫಿ ಎತ್ತಿತು. ಹದಿನೈದು ವರ್ಷಗಳ ನಂತರ ರಾಜ್ಯಕ್ಕೆ ಬಂದ ಟ್ರೋಫಿ. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಶೇಷ ಭಾರತದ ವಿರುದ್ಧ ಇರಾನಿ ಕಪ್, ಕೋಲ್ಕತ್ತದಲ್ಲಿ ರೈಲ್ವೇಸ್ ವಿರುದ್ಧ ವಿಜಯ್ ಹಜಾರೆ ಟ್ರೋಫಿ. ಒಂದೇ ಋತುವಿನಲ್ಲಿ ಮೂರೂ. ಮರುವರ್ಷ ಮತ್ತೆ ಮೂರೂ! ದೇಸಿ ಕ್ರಿಕೆಟ್‌ನಲ್ಲಿ ಎರಡು ಋತು ಹೀಗೆ ಎದುರಿಲ್ಲದೆ ಆಳುವುದು ಎಂಥ ಸಾಧನೆ ಎಂದು ಆಗ ಕನ್ನಡಿಗರೂ ಪೂರ್ತಿಯಾಗಿ ಅರಿಯಲಿಲ್ಲವೇನೋ. ಒಂದು ಐಪಿಎಲ್ ಕಪ್‌ಗಾಗಿ ವರ್ಷಾನುಗಟ್ಟಲೆ ಹಂಬಲಿಸಿದ ಊರಿನಲ್ಲಿ ಎರಡು ವರ್ಷಕ್ಕೆ ಆರು ಟ್ರೋಫಿಗಳು ಬಂದು ಕೂತಿದ್ದವು.

ಆ ಎರಡನೇ ಋತುವಿನ ಸೆಮಿಫೈನಲ್‌ ಬಗ್ಗೆ ತುಸು ಹೇಳಬೇಕು. 2015ರ ಫೆಬ್ರುವರಿ, ಚಿನ್ನಸ್ವಾಮಿ ಮೈದಾನ, ಎದುರಾಳಿ ಮತ್ತದೇ ಮುಂಬೈ. ಪಿಚ್ ಮೇಲೆ ಹುಲ್ಲು. ಮೊದಲು ಬ್ಯಾಟ್ ಮಾಡಿದ ಕರ್ನಾಟಕ 202ಕ್ಕೆ ಮುಗಿದಾಗ ಪ್ರೆಸ್ ಬಾಕ್ಸ್‌ನಿಂದ ಪಾನ್ ಅಂಗಡಿವರೆಗೆ ಎಲ್ಲರದೂ ಒಂದೇ ಮಾತು, ಇದು ಸಾಲದು. ನಲವತ್ತು ಸಲ ರಣಜಿ ಗೆದ್ದ ತಂಡ ಬ್ಯಾಟಿಂಗ್‌ಗೆ ಇಳಿಯಿತು. 44ಕ್ಕೆ ಆಲೌಟ್. ವಿನಯ್ 20 ರನ್‌ಗೆ 6 ವಿಕೆಟ್. ಚೆಂಡು ಅವರು ಹೇಳಿದಂತೆ ಕೇಳಿದ ಸಂಜೆ ಅದು. ಒಂದು ಎಸೆತ ಹೊರಕ್ಕೆ, ಮುಂದಿನದು ನೆಟ್ಟಗೆ, ಅದರಾಚೆಯದು ಒಳಕ್ಕೆ. ಬ್ಯಾಟ್ಸ್‌ಮನ್‌ಗೆ ಮುಂದಕ್ಕೆ ಬರಬೇಕೋ ಹಿಂದಕ್ಕೆ ಸರಿಯಬೇಕೋ ತಿಳಿಯದಂಥ ಅಳತೆ. ಹದಿನೈದು ತಿಂಗಳ ಹಿಂದೆ ಇದೇ ಮೈದಾನದಲ್ಲಿ 102 ಕೊಟ್ಟದ್ದು ಇದೇ ತೋಳು. ಕೈಗೆ ಕೆಂಪು ಚೆಂಡು, ಕಾಲಡಿ ಸ್ವಲ್ಪ ಜೀವವಿರುವ ನೆಲ, ಬೌಲರ್‌ಗೆ ಇಷ್ಟು ಸಿಕ್ಕಾಗ ಏನಾಗಬಹುದು ಎಂಬುದಕ್ಕೆ ಆ ಸ್ಕೋರ್‌ಕಾರ್ಡ್ ಸಾಕ್ಷಿ. 44 ಎಂಬ ಆ ಅಂಕಿಯನ್ನೂ ಜನ 102ರಷ್ಟೇ ನೆನಪಿಡಬೇಕು ಎಂಬುದು ನನ್ನ ಆಸೆ.

ಫೈನಲ್ ಮುಂಬೈನ ವಾಂಖೆಡೆಯಲ್ಲಿ, ತಮಿಳುನಾಡಿನ ಎದುರು. ವಿನಯ್ 34ಕ್ಕೆ 5 ವಿಕೆಟ್, ತಮಿಳುನಾಡು 134. ಕರ್ನಾಟಕವೂ 84 ರನ್‌ಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿತು. ಆಗ ಕರುಣ್ ನಾಯರ್ ಮತ್ತು ಕೆ.ಎಲ್. ರಾಹುಲ್ 386 ರನ್ ಸೇರಿಸಿದರು. ಕರುಣ್ 328, ರಾಹುಲ್ 188. ತಂಡದ ಮೊತ್ತ 762. ಅಷ್ಟು ಸಾಲದೆಂಬಂತೆ ನಾಯಕ ಕೆಳ ಕ್ರಮಾಂಕದಲ್ಲಿ ಬಂದು ಔಟಾಗದೆ 105 ಹೊಡೆದರು. ರಣಜಿ ಫೈನಲ್‌ನಲ್ಲಿ ಶತಕ, ಐದು ವಿಕೆಟ್, ಟ್ರೋಫಿ, ಮೂರೂ ಒಬ್ಬ ನಾಯಕನ ಪಾಲಿಗೆ. ಇನಿಂಗ್ಸ್ ಮತ್ತು 217 ರನ್ನಿನ ಗೆಲುವು. ಪಂದ್ಯದ ಶೀರ್ಷಿಕೆಗಳಲ್ಲಿ ಮಿಂಚಿದ್ದು ತ್ರಿಶತಕ, ಅದು ಸಹಜವೇ. ಕರುಣ್ ಮುಂದೆ ಚೆನ್ನೈನಲ್ಲಿ ಟೆಸ್ಟ್ ತ್ರಿಶತಕವನ್ನೂ ಹೊಡೆದರು. ರಾಹುಲ್ ಅಷ್ಟರಲ್ಲಾಗಲೇ ಭಾರತ ತಂಡ ಸೇರಿದ್ದರು. ನಾಯಕನಾಗಿ ವಿನಯ್ ಮಾಡಿದ ದೊಡ್ಡ ಕೆಲಸ ಇದೇ ಇರಬೇಕು. ತನಗೆ ಮುಚ್ಚಿದ ಬಾಗಿಲ ಕಡೆಗೆ ಹುಡುಗರು ಒಬ್ಬೊಬ್ಬರಾಗಿ ನಡೆದು ಹೋಗುವಾಗ ಹಿಂದೆ ತಂಡ ಕುಸಿಯದಂತೆ ಹಿಡಿದು ನಿಂತರು. ಎಡಗೈ ವೇಗಿ ಶ್ರೀನಾಥ್ ಅರವಿಂದ್, ಮಿಥುನ್, ವಿನಯ್ ಸೇರಿ ಕಟ್ಟಿದ ಬೌಲಿಂಗ್ ಪಡೆ ಆ ವರ್ಷಗಳಲ್ಲಿ ದೇಶದಲ್ಲೇ ಮೇಲ್ಪಂಕ್ತಿಯದು.

ಐಪಿಎಲ್ ಕಥೆಯನ್ನು ಬೇಗ ಮುಗಿಸುತ್ತೇನೆ. ಬೆಂಗಳೂರು, ಕೊಚ್ಚಿ, ಕೋಲ್ಕತ್ತ, ಮುಂಬೈ ತಂಡಗಳ ಪರ 105 ಪಂದ್ಯ, 105 ವಿಕೆಟ್. 2014ರಲ್ಲಿ ಕೋಲ್ಕತ್ತ ಕಪ್ ಗೆದ್ದಾಗ ಆ ತಂಡದಲ್ಲಿದ್ದರು, 2015 ಮತ್ತು 2017ರಲ್ಲಿ ಗೆದ್ದ ಮುಂಬೈ ತಂಡದಲ್ಲೂ ಇದ್ದರು. ದೇಸಿ ಕ್ರಿಕೆಟಿಗನೊಬ್ಬನಿಗೆ ಮನೆ ಕಟ್ಟುವಷ್ಟು, ಮನೆಯವರನ್ನು ನೆಮ್ಮದಿಯಿಂದ ಇಡುವಷ್ಟು ದುಡ್ಡು ಬಂದದ್ದು ಈ ಟೂರ್ನಿಯಿಂದ. ಅದರ ಮಟ್ಟಿಗೆ ಐಪಿಎಲ್ ಬಗ್ಗೆ ನನಗೆ ದೂರಿಲ್ಲ.

2017ರ ಡಿಸೆಂಬರ್ ಈ ವೃತ್ತಿಬದುಕಿನ ಸಿಹಿ ಕಹಿ ಎರಡನ್ನೂ ಒಂದೇ ತಿಂಗಳಲ್ಲಿ ತಂದಿತು. ನಾಗ್ಪುರದಲ್ಲಿ ಕ್ವಾರ್ಟರ್‌ಫೈನಲ್, ಮುಂಬೈಯೇ ಎದುರಾಳಿ. ಮೊದಲ ಓವರಿನ ಕೊನೆಯ ಚೆಂಡಿಗೆ ಪೃಥ್ವಿ ಶಾ. ತಮ್ಮ ಮುಂದಿನ ಓವರಿನ ಮೊದಲ ಎರಡು ಚೆಂಡಿಗೆ ಇನ್ನಿಬ್ಬರು. ಹ್ಯಾಟ್ರಿಕ್. ಒಟ್ಟು 34ಕ್ಕೆ 6 ವಿಕೆಟ್, ಇನಿಂಗ್ಸ್ ಗೆಲುವು. ಮುಂದಿನ ವಾರ ಕೋಲ್ಕತ್ತದಲ್ಲಿ ವಿದರ್ಭದ ವಿರುದ್ಧ ಸೆಮಿಫೈನಲ್. ಗುರಿ 198. ರಜನೀಶ್ ಗುರ್ಬಾನಿ ಒಬ್ಬರೇ ಪಂದ್ಯದಲ್ಲಿ ಹನ್ನೆರಡು ವಿಕೆಟ್ ಕಿತ್ತರು. ಏಳು ವಿಕೆಟ್ ಬಿದ್ದ ಸ್ಥಿತಿಯಲ್ಲಿ ಕೊನೆಯ ದಿನ ಶುರುವಾಯಿತು. ವಿನಯ್ 36 ಹೊಡೆದು ಔಟಾದರು, ಮಿಥುನ್ 33. ಶ್ರೇಯಸ್ ಗೋಪಾಲ್ ಒಂದು ತುದಿಯಲ್ಲಿ ನಿಂತೇ ಇದ್ದರು, ಇನ್ನೊಂದು ತುದಿ ಮುಗಿದುಹೋಯಿತು. 192. ಐದು ರನ್ನಿನ ಸೋಲು. ಮೈಸೂರಿನಲ್ಲಿ ಆರು, ಕೋಲ್ಕತ್ತದಲ್ಲಿ ಐದು. ಇನ್ನು ಕೆಲವೇ ರನ್ ದಕ್ಕಿದ್ದರೆ ಮೈಸೂರಿನಲ್ಲಿ ಇನ್ನೊಂದು ಟ್ರೋಫಿ, ಕೋಲ್ಕತ್ತದಿಂದ ಇನ್ನೊಂದು ಫೈನಲ್ ಸೇರಿಕೊಳ್ಳುತ್ತಿದ್ದವು.

ಕರ್ನಾಟಕದ ಪರ ಕೊನೆಯ ಋತು 2018-19. ಮೂವತ್ತೈದರ ಅಂಚು. ಹಿಂದಿನ ಬಿರುಸು ಇಲ್ಲ, ಹೊಸ ಹುಡುಗರು ಸಾಲಿನಲ್ಲಿದ್ದಾರೆ. ಬೆಂಗಳೂರಿನಲ್ಲಿ ರಾಜಸ್ಥಾನದ ವಿರುದ್ಧ ಕ್ವಾರ್ಟರ್‌ಫೈನಲ್. ಎದುರಾಳಿಯ 224ಕ್ಕೆ ಉತ್ತರವಾಗಿ ಕರ್ನಾಟಕ 166ಕ್ಕೆ 9. ಹನ್ನೊಂದನೆಯವನಾಗಿ ಬಂದ ರೋನಿತ್ ಮೋರೆಯನ್ನು ಕಾಪಾಡಿಕೊಂಡು, ಓವರಿನ ಕೊನೆಯಲ್ಲಿ ಒಂಟಿ ರನ್ ಕದ್ದು, ಸಿಕ್ಕಿದ್ದನ್ನು ಬಾರಿಸುತ್ತ ವಿನಯ್ ಕೊನೆಯ ವಿಕೆಟ್‌ಗೆ 97 ರನ್ ಸೇರಿಸಿದರು. ಅವರದು ಔಟಾಗದೆ 83. ಸಿಗುತ್ತದೆಂದು ಯಾರೂ ನಂಬದ ಮುನ್ನಡೆ ಸಿಕ್ಕಿತು, ತಂಡ ಪಂದ್ಯವನ್ನೂ ಗೆದ್ದಿತು. ಬೌಲರ್ ಎಂದೇ ಕರೆಸಿಕೊಂಡವರು ಪ್ರಥಮ ದರ್ಜೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ರನ್ ಗಳಿಸಿದ್ದು ಇಂಥ ಮಧ್ಯಾಹ್ನಗಳಲ್ಲಿ.

ಆಮೇಲೆ ಪುದುಚೇರಿ. 2018-19ರಲ್ಲಿ ಬಿಸಿಸಿಐ ಒಂಬತ್ತು ಹೊಸ ತಂಡಗಳನ್ನು ರಣಜಿಗೆ ಸೇರಿಸಿಕೊಂಡಿತ್ತು. ಅನುಭವಿಗಳಿಗೆ ಅಲ್ಲಿ ಬೇಡಿಕೆ ಇತ್ತು. ಮರುವರ್ಷ ವಿನಯ್ ಅವುಗಳಲ್ಲೊಂದಾದ ಪುದುಚೇರಿ ತಂಡ ಸೇರಿದಾಗ ಕೆಲವರು ಇದು ಪಿಂಚಣಿಯ ಆಟ ಎಂದರು. ಪ್ಲೇಟ್ ಗುಂಪು, ದುರ್ಬಲ ಎದುರಾಳಿಗಳು, ನಿಜ. ಆದರೆ ರಣಜಿ ಎಂದರೇನೆಂದು ಈಗಷ್ಟೇ ಕಾಣುತ್ತಿರುವ ಹುಡುಗರ ಡ್ರೆಸ್ಸಿಂಗ್ ರೂಮಿಗೆ ಎರಡು ಸಲ ಟ್ರೋಫಿ ಎತ್ತಿದ ನಾಯಕ ಬಂದು ಕೂರುವುದು ಸಣ್ಣ ಸಂಗತಿಯಲ್ಲ. ಆ ಋತುವಿನಲ್ಲಿ ಅವರು ಪಡೆದದ್ದು 45 ವಿಕೆಟ್. ಸುಮ್ಮನೆ ಸಂಬಳಕ್ಕೆ ಓಡುವವರು ಅಷ್ಟು ವಿಕೆಟ್ ಕೀಳುವುದಿಲ್ಲ.

2020-21ರಲ್ಲಿ ಕೊರೊನಾ ಕಾರಣಕ್ಕೆ ರಣಜಿ ಟ್ರೋಫಿ ನಡೆಯಲೇ ಇಲ್ಲ. ಟೂರ್ನಿ ಶುರುವಾದ 1934ರಿಂದ ಹಾಗಾದದ್ದು ಅದೇ ಮೊದಲು. ವಿನಯ್‌ಗೆ ವಿದಾಯದ ಪಂದ್ಯ ಸಿಗಲಿಲ್ಲ, ಎರಡೂ ಬದಿ ಸಾಲಾಗಿ ನಿಂತು ಬ್ಯಾಟ್ ಎತ್ತುವ ಗೌರವವೂ ಇಲ್ಲ. ಫೆಬ್ರುವರಿ 26ರಂದು ಪತ್ರ ಬರೆದು ಆಟ ಮುಗಿಸಿದರು. ಕುಂಬ್ಳೆ, ದ್ರಾವಿಡ್, ಧೋನಿ ಅವರಂಥವರ ಜೊತೆ ಆಡಿದ್ದನ್ನು ಅದರಲ್ಲಿ ಕೃತಜ್ಞತೆಯಿಂದ ನೆನೆದಿದ್ದರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ದೇಸಿ ಆಟಗಾರರ ಪಂದ್ಯ ಸಂಭಾವನೆ ಏರಿಸಿತು. ನಲವತ್ತಕ್ಕೂ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60 ಸಾವಿರ ರೂಪಾಯಿ, ಇಪ್ಪತ್ತೊಂದರಿಂದ ನಲವತ್ತರವರೆಗೆ ಆಡಿದವರಿಗೆ 50 ಸಾವಿರ, ಹೊಸಬರಿಗೆ 40 ಸಾವಿರ. ಅನುಭವಕ್ಕೂ ಬೆಲೆಯಿದೆ ಎಂದು ಮಂಡಳಿ ಅಂಕಿಯಲ್ಲಿ ಬರೆದು ಒಪ್ಪಿದ್ದು ತಡವಾಗಿ. 139 ಪಂದ್ಯ ಆಡಿದವರು ಅಷ್ಟರಲ್ಲಿ ಬೂಟು ಕಳಚಿಟ್ಟಿದ್ದರು. ಆದರೂ ಅದು ಬಂತು, ಇವತ್ತು ಜಿಲ್ಲೆಯಿಂದ ಬಂದು ರಣಜಿ ಆಡುತ್ತಿರುವ ಹುಡುಗನಿಗೆ ಭಾರತ ತಂಡದ ಕರೆ ಬಾರದಿದ್ದರೂ ಆಟವನ್ನೇ ನಂಬಿ ಬದುಕುವ ದಾರಿ ಮೊದಲಿಗಿಂತ ಅಗಲವಾಗಿದೆ. ವಿನಯ್ ನಿವೃತ್ತಿಯ ಬೆನ್ನಿಗೇ ಮುಂಬೈ ಇಂಡಿಯನ್ಸ್‌ನ ಪ್ರತಿಭಾನ್ವೇಷಕರ ತಂಡ ಸೇರಿದರು. ಯಾರೂ ನೋಡದ ಪಂದ್ಯಗಳಿಗೆ ಹೋಗಿ ಕೂತು, ಹೆಸರಿಲ್ಲದ ಹುಡುಗರ ಓಟ, ಮಣಿಕಟ್ಟು, ಐದನೇ ಸ್ಪೆಲ್ಲಿನ ಹುರುಪು ಗಮನಿಸುವ ಕೆಲಸ ಅದು.